ಕಪಾಟಿನ ಕೀಲಿ ತೆಗೆಯಿರಿ: ಸಣ್ಣ ಶಾಲೆಯಲ್ಲಿ ಲೈಬ್ರರಿ ನಡೆಸುವ ಬಗೆ

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಅಕ್ಕೋರು. ಹೊರಗಿನವರು ಟೀಚರ್ ಅನ್ನುತ್ತಾರೆ. ಊರಿನ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಅಕ್ಕೋರೇ. ಒಂದರಿಂದ ಏಳನೇ ತರಗತಿ, 72 ಮಕ್ಕಳು, 4 ಜನ ಶಿಕ್ಷಕರು. ಲೈಬ್ರರಿ ನೋಡಿಕೊಳ್ಳಲು ಅಂತ ಬೇರೆ ಯಾರೂ ಇಲ್ಲ. ನಮ್ಮ ಹಾಗೇ ಇರುವ ಶಾಲೆಯ ಶಿಕ್ಷಕರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಇಲ್ಲಿಗೆ ಬಂದಾಗ ಆಫೀಸ್ ರೂಮಿನಲ್ಲಿ ಒಂದು ಕಬ್ಬಿಣದ ಕಪಾಟು ಇತ್ತು. ಅದರೊಳಗೆ ಪುಸ್ತಕ. ಕೀಲಿಕೈ ಮೇಜಿನ ಖಾನೆಯಲ್ಲಿ. ಇದು ಯಾರ ಸೋಮಾರಿತನವೂ ಅಲ್ಲ. ದಾಸ್ತಾನು ಪುಸ್ತಕದಲ್ಲಿ ಬರೆದದ್ದು ಕಪಾಟಿನಲ್ಲಿ ಇಲ್ಲ ಅಂದರೆ ನಾಳೆ ಯಾರಾದರೂ ಕೇಳುತ್ತಾರೆ ಅನ್ನುವ ಹೆದರಿಕೆ. ಆ ಹೆದರಿಕೆ ಹೋಗದೆ ಲೈಬ್ರರಿ ಶುರುವಾಗುವುದಿಲ್ಲ. ಹಾಗಾಗಿ ನಾನು ಹೇಳುವುದೆಲ್ಲ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ಪುಸ್ತಕ ಮಗುವಿನ ಜೊತೆ ಮನೆಗೆ ಹೋಗಬೇಕು.

ಯಾಕೆ ಅಂತ ಮೊದಲು ಹೇಳುತ್ತೇನೆ. ಐದನೇ ತರಗತಿಯ ಒಂದು ಮಗು ಓದುವುದನ್ನು ಪಕ್ಕದಲ್ಲಿ ಕೂತು ಕೇಳಿ. ಅಕ್ಷರ ಎಲ್ಲ ಗೊತ್ತಿರುತ್ತದೆ. ಒಂದೊಂದೇ ಕೂಡಿಸಿ ಓದುತ್ತದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆತುಹೋಗಿರುತ್ತದೆ. ಓದಿದ್ದು ಏನು ಅಂತ ಕೇಳಿದರೆ ಸುಮ್ನೆ ನಮ್ಮ ಮುಖ ನೋಡುತ್ತದೆ. ಈ ಮಗುವಿಗೆ ಬುದ್ಧಿ ಕಮ್ಮಿ ಅಲ್ಲ, ಓದಿನ ರೂಢಿ ಕಮ್ಮಿ. ಪಠ್ಯಪುಸ್ತಕ ಅದಕ್ಕಾಗಿ ಕಾಯುವುದಿಲ್ಲ, ಪಾಠ ಮುಂದೆ ಹೋಗುತ್ತಲೇ ಇರುತ್ತದೆ. ಸುಲಭದ ಕಥೆಪುಸ್ತಕ ಕಾಯುತ್ತದೆ. ಅದನ್ನೇ ನಾಲ್ಕು ಸಲ ಓದಬಹುದು, ತಂಗಿಗೆ ಓದಿ ಹೇಳಬಹುದು. ನಾಲ್ಕನೇ ಸಲ ಓದುವಾಗ ಕಣ್ಣು ಅಕ್ಷರ ಬಿಟ್ಟು ಪದ ಹಿಡಿಯುತ್ತದೆ. ವಿಜ್ಞಾನ, ಸಮಾಜ, ಲೆಕ್ಕದ ಮಾತಿನ ಸಮಸ್ಯೆ, ಎಲ್ಲದಕ್ಕೂ ಇದೇ ಬುನಾದಿ ಅಲ್ವಾ?

ಮೊದಲು ಎಲ್ಲವನ್ನೂ ಹೊರಗೆ ಹರಡಿ

ಒಂದು ಶನಿವಾರ ಬೆಳಿಗ್ಗೆ ಜಗಲಿಯಲ್ಲಿ ಚಾಪೆ ಹಾಸಿ ಕಪಾಟು ಖಾಲಿ ಮಾಡಿ. ಆರು, ಏಳನೇ ತರಗತಿಯ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ನಾಲ್ಕು ರಾಶಿ ಮಾಡಿ. ಮಕ್ಕಳು ಈಗಲೇ ಓದಬಹುದಾದದ್ದು ಒಂದು. ಹೊಲಿದು ಅಂಟಿಸಿದರೆ ಓದಬಹುದಾದದ್ದು ಇನ್ನೊಂದು. ಶಿಕ್ಷಕರಿಗೆ ಬೇಕಾದದ್ದು ಮೂರನೆಯದು. ಯಾರಿಗೂ ಬೇಡವಾದದ್ದು ಕೊನೆಯದು. ನಮ್ಮಲ್ಲಿ 430 ಪುಸ್ತಕ ಇದ್ದವು. ಮಗು ತಾನಾಗಿ ಕೈಗೆತ್ತಿಕೊಳ್ಳುವಂಥದ್ದು 150 ಕೂಡ ಇರಲಿಲ್ಲ. ಉಳಿದದ್ದು ಹಳೆಯ ತರಬೇತಿ ಕೈಪಿಡಿ, ಬದಲಾದ ಪಠ್ಯಪುಸ್ತಕ, ಒಂದೇ ಪುಸ್ತಕದ ಹನ್ನೆರಡು ಪ್ರತಿ.

ಬೇಡವಾದದ್ದನ್ನು ಕಪಾಟಿಗೆ ವಾಪಸ್ ತುಂಬಬೇಡಿ. ಪಟ್ಟಿ ಮಾಡಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದಿಡಿ, ಠರಾವು ಬರೆಸಿ, ಸಹಿ ಹಾಕಿಸಿ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಿಆರ್‌ಪಿಯವರ ಗಮನಕ್ಕೂ ತನ್ನಿ. ಹರಿದದ್ದು, ಕಳೆದದ್ದು ಕೂಡ ವರ್ಷಕ್ಕೊಮ್ಮೆ ಹೀಗೆಯೇ ಸಭೆಗೆ ಬರಲಿ. ಒಂದು ಸಲ ಠರಾವು ಆದ ಮೇಲೆ ನನ್ನ ಹೆದರಿಕೆ ಅರ್ಧ ಇಳಿಯಿತು. ಕಪಾಟು ಅರ್ಧ ಖಾಲಿ ಕಂಡರೆ ಬೇಜಾರಾಗಬೇಡಿ. ನೂರು ಓದುವ ಪುಸ್ತಕ ನಾನೂರು ಓದದ ಪುಸ್ತಕಕ್ಕಿಂತ ದೊಡ್ಡ ಲೈಬ್ರರಿ.

ಆಮೇಲೆ ಜಾಗ. ಬೇರೆ ಕೋಣೆ ಇಲ್ಲ ಅಂತ ಕಾಯಬೇಡಿ. ಒಂದರಿಂದ ಮೂರನೇ ತರಗತಿಯವರು ಕೂಡಿ ಕೂರುವ ನಲಿ-ಕಲಿ ಕೋಣೆಯ ಒಂದು ಮೂಲೆ ಸಾಕು. ನಮ್ಮ ಊರಿನ ಒಬ್ಬರು ಅಡಿಕೆ ದಬ್ಬೆ ಸೀಳಿ ಎರಡು ಸಾಲಿನ ಓರೆ ಹಲಗೆ ಮಾಡಿಕೊಟ್ಟರು. ಮಗುವಿನ ಎದೆಮಟ್ಟಕ್ಕೆ ಬರುವ ಹಾಗೆ ಗೋಡೆಗೆ ಕೂರಿಸಿದೆವು. ಮೇಲೆ ನೈಲಾನ್ ಹಗ್ಗ ಕಟ್ಟಿ ತೆಳು ಪುಸ್ತಕಗಳನ್ನು ನಡುವಿಗೆ ಬಿಡಿಸಿ ನೇತುಹಾಕಿದೆವು. ಪುಸ್ತಕದ ಬೆನ್ನಲ್ಲ, ಮುಖಪುಟ ಕಾಣಬೇಕು. ತೆಳು ಪುಸ್ತಕಕ್ಕೆ ಬೆನ್ನೇ ಇರುವುದಿಲ್ಲ, ಒತ್ತಾಗಿ ನಿಲ್ಲಿಸಿದರೆ ಮಗುವಿಗೆ ಏನೂ ಕಾಣುವುದಿಲ್ಲ. 40 ಪುಸ್ತಕ ಮಾತ್ರ ಹೊರಗಿಡಿ, ಹದಿನೈದು ದಿನಕ್ಕೊಮ್ಮೆ ಬದಲಿಸಿ. ಮೊದಲ ಸಲ ಬದಲಿಸಿದಾಗ "ಅಕ್ಕೋರೆ, ಹೊಸ ಪುಸ್ತಕ ಬಂತಾ?" ಅಂತ ಕೇಳಿದರು. ಮೂರು ವರ್ಷದಿಂದ ಕಪಾಟಿನಲ್ಲೇ ಇದ್ದ ಪುಸ್ತಕ ಅವು.

ವಿಂಗಡಿಸಲು ದೊಡ್ಡ ಲೈಬ್ರರಿಯ ಅಂಕಿ ಪದ್ಧತಿ ಪ್ರಾಥಮಿಕ ಶಾಲೆಗೆ ಬೇಡ. ಬಣ್ಣದ ಕಾಗದ ಅಂಟಿಸಿ ಸಾಕು. ನಾವು ಹೀಗೆ ಮಾಡಿದ್ದೇವೆ: ಚಿತ್ರ ಜಾಸ್ತಿ, ಪುಟಕ್ಕೆ ಒಂದೆರಡು ಸಾಲು, ಒತ್ತಕ್ಷರ ಕಮ್ಮಿ ಇರುವುದಕ್ಕೆ ಹಸಿರು. ಸಣ್ಣ ಕಥೆಗೆ ಹಳದಿ. ಉದ್ದ ಕಥೆಗೆ ಕೆಂಪು. ಕಥೆಯಲ್ಲದ ಪುಸ್ತಕ, ಅಂದರೆ ಮೀನು, ನಕ್ಷತ್ರ, ಮನುಷ್ಯರ ಜೀವನ ಇಂಥದ್ದಕ್ಕೆ ನೀಲಿ. ಬಣ್ಣ ತರಗತಿಗೆ ಗಂಟು ಹಾಕಬೇಡಿ. ಏಳನೇ ತರಗತಿಯವನು ಹಸಿರು ತೆಗೆದುಕೊಂಡರೆ ತೆಗೆದುಕೊಳ್ಳಲಿ, ಯಾರೂ ನಗಬಾರದು. ತನಗೆ ಯಾವುದು ಆಗುತ್ತದೆ ಅಂತ ಮಗುವೇ ನೋಡಿಕೊಳ್ಳಲು ಐದು ಬೆರಳಿನ ಲೆಕ್ಕ ಕಲಿಸಿ. ಒಂದು ಪುಟ ಓದುವಾಗ ಅಡ್ಡ ಬಂದ ಪದಕ್ಕೆ ಒಂದೊಂದು ಬೆರಳು ಮಡಚಬೇಕು. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಆ ಪುಸ್ತಕ ಸ್ವಲ್ಪ ದಿನ ಬಿಟ್ಟು.

ಭಾರತದ ಲೈಬ್ರರಿ ಶಾಸ್ತ್ರಕ್ಕೆ ದಾರಿ ಹಾಕಿಕೊಟ್ಟ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಹೇಳಿದರು. ಮೊದಲನೆಯದೇ ಪುಸ್ತಕ ಇರುವುದು ಬಳಸಲಿಕ್ಕೆ ಅಂತ. ಪ್ರತಿ ಓದುಗನಿಗೆ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೆ ಅದರ ಓದುಗ ಅನ್ನುವುದು ಎರಡನೆಯದು, ಮೂರನೆಯದು. ನಾವು ಬಣ್ಣ ಅಂಟಿಸಿ ಮಾಡುವುದು ಇದೇ ಕೆಲಸ.

ದಂಡದ ಬೋರ್ಡು

ಶುರುವಿನಲ್ಲಿ ನಾನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ: ಪುಸ್ತಕ ಕಳೆದರೆ ಅಥವಾ ಹಾಳಾದರೆ ದಂಡ.

ಐದನೇ ತರಗತಿಯ ಒಬ್ಬ ಹುಡುಗ ಮೂರು ವಾರ ಲೈಬ್ರರಿ ದಿನ ಶಾಲೆಗೆ ಬರಲಿಲ್ಲ. ಬುಧವಾರ ಮಾತ್ರ ಹೊಟ್ಟೆನೋವು. ನಾಲ್ಕನೇ ವಾರ ಅವನ ಅಮ್ಮ ಬಂದರು. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಪುಸ್ತಕ ಮೇಜಿನ ಮೇಲಿಟ್ಟರು. ಅಪ್ಪನ ಜೊತೆ ಪಾತಿ ದೋಣಿಯಲ್ಲಿ ಹೋಗುವಾಗ ಪುಸ್ತಕವನ್ನೂ ಒಯ್ದಿದ್ದನಂತೆ. ಅದು ದೋಣಿಯ ತಳದ ನೀರಿಗೆ ಬಿದ್ದಿತ್ತು. ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದ್ದರು. ಪುಟಗಳು ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಹೊಗೆಯ ವಾಸನೆ. ಅದರಡಿಗೆ ಸಣ್ಣಗೆ ಮೀನಿನ ವಾಸನೆ.

"ಅಕ್ಕೋರೆ, ಎಷ್ಟಾತು ಹೇಳಿ. ಮುಂದಿನ ವಾರ ಕೊಡ್ತೆ" ಅಂದರು.

ಹಿಂದಿನ ಪುಟ ತಿರುಗಿಸಿ ನೋಡಿದೆ. 35 ರೂಪಾಯಿ. 35 ರೂಪಾಯಿಗಾಗಿ ಒಬ್ಬ ಹುಡುಗ ಮೂರು ದಿನ ಶಾಲೆ ಬಿಟ್ಟಿದ್ದ. ಅದಕ್ಕಿಂತ ಹೆಚ್ಚಾಗಿ, ಪುಸ್ತಕವನ್ನು ದೋಣಿಗೂ ಒಯ್ಯುವಷ್ಟು ಇಷ್ಟಪಟ್ಟವನು ಅವನೊಬ್ಬನೇ ಆಗಿದ್ದ. ಆ ಬೋರ್ಡು ಅವತ್ತೇ ತೆಗೆದೆ.

ಈಗ ಇರುವುದು ಒಂದೇ ನಿಯಮ: ಏನೇ ಆದರೂ ಬಂದು ಹೇಳಬೇಕು. ಕಳೆದರೆ ಹೇಳು, ನೆನೆದರೆ ಹೇಳು, ತಮ್ಮ ಹರಿದರೆ ಹೇಳು. ಹೇಳಿದವರಿಗೆ ಅವತ್ತೇ ಬೇರೆ ಪುಸ್ತಕ ಕೊಡುತ್ತೇವೆ. ಹರಿದದ್ದನ್ನು ಮಗುವೇ ನಮ್ಮ ಜೊತೆ ಕೂತು ಅಂಟಿಸುತ್ತದೆ. ಹೀಗೆ ಮಾಡಿದ ಮೇಲೆ ವರ್ಷಕ್ಕೆ ಐದಾರು ಪುಸ್ತಕ ಹೋಗುತ್ತವೆ. ಅದು ಲೈಬ್ರರಿಯ ಖರ್ಚು, ಸೀಮೆಸುಣ್ಣ ಖರ್ಚಾದ ಹಾಗೆ.

ರಿಜಿಸ್ಟರ್ ಬಗ್ಗೆ ಒಂದು ಮಾತು. ತಾರೀಖಿನ ಪ್ರಕಾರ ಬರೆಯಬೇಡಿ. ಮಗುವಿಗೊಂದು ಪುಟ ಮಾಡಿ. ಒಯ್ದ ದಿನ, ಪುಸ್ತಕದ ಹೆಸರು, ತಂದ ದಿನ, ಬಣ್ಣ, ಇಷ್ಟೇ. ತಾರೀಖಿನ ರಿಜಿಸ್ಟರ್‌ನಲ್ಲಿ ಯಾವ ಪುಸ್ತಕ ಎಲ್ಲಿದೆ ಅಂತ ಮಾತ್ರ ಗೊತ್ತಾಗುತ್ತದೆ. ಮಗುವಿನ ಪುಟದಲ್ಲಿ ಮಗು ಎಲ್ಲಿದೆ ಅಂತ ಗೊತ್ತಾಗುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಹಸಿರೇ ಇದ್ದು ಡಿಸೆಂಬರ್‌ನಲ್ಲಿ ಒಂದು ಹಳದಿ ಬಂದರೆ ಆ ಸಾಲಿನ ಮುಂದೆ ನಾನು ಒಂದು ಚುಕ್ಕೆ ಇಡುತ್ತೇನೆ. ಪೋಷಕರ ಸಭೆಯಲ್ಲಿ ಅಂಕಪಟ್ಟಿಗಿಂತ ಮೊದಲು ಈ ಪುಟ ತೋರಿಸುತ್ತೇನೆ. ಬರೆಯುವ ಕೆಲಸ ಆರು, ಏಳನೇ ತರಗತಿಯವರದ್ದು, ತಿಂಗಳಿಗೆ ಇಬ್ಬರಂತೆ. ತರಗತಿಯಲ್ಲಿ ಹಿಂದೆ ಕೂರುವವರಿಗೆ ಮೊದಲು ಕೊಡಿ. ಪುಸ್ತಕದ ಹೆಸರು ಬರೆದು ಬರೆದೇ ಅವರ ಕಾಗುಣಿತ ಸರಿಯಾಗುವುದನ್ನು ನಾನು ನೋಡಿದ್ದೇನೆ.

ಮಳೆಗಾಲಕ್ಕೆ

ಘಟ್ಟದ ಮೇಲಿನವರಿಗೂ ಇದು ಬೇಕು, ಕರಾವಳಿಯವರಿಗಂತೂ ಬೇಕೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಾಗದ ಎಲ್ಲಿ?

ಎಲ್ಲಕ್ಕಿಂತ ಮೊದಲು ಸ್ಟೇಪಲ್ ಪಿನ್ನು. ಮಕ್ಕಳ ತೆಳು ಪುಸ್ತಕಕ್ಕೆಲ್ಲ ನಡುವೆ ಎರಡು ಪಿನ್ನು ಹೊಡೆದಿರುತ್ತಾರೆ. ಉಪ್ಪು ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಕಂದು ಕಲೆ ಪುಟಕ್ಕೆ ಇಳಿಯುತ್ತದೆ, ಅಲ್ಲೇ ಕಾಗದ ತುಂಡಾಗಿ ನಡು ಹಾಳೆ ಕಳಚಿ ಬೀಳುತ್ತದೆ. ಹೊಸ ಪುಸ್ತಕ ಬಂದ ವಾರವೇ ಪಿನ್ನು ಬಿಚ್ಚಿ ದಾರದಲ್ಲಿ ಹೊಲಿಯಿರಿ. ಪುಸ್ತಕ ನಡುವಿಗೆ ಬಿಡಿಸಿ, ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು ಹಾಕಿ. ನಡುವಿನ ತೂತಿನಿಂದ ಸೂಜಿ ಹೊರಗೆ ಹೋಗಲಿ. ಮೇಲಿನ ತೂತಿನಿಂದ ಒಳಗೆ ಬಂದು, ಒಳಗಿನಿಂದಲೇ ಕೆಳಗಿನ ತೂತಿಗೆ ಇಳಿದು ಹೊರಗೆ ಹೋಗಲಿ. ಮತ್ತೆ ನಡುವಿನ ತೂತಿನಿಂದ ಒಳಗೆ ಎಳೆದು, ದಾರದ ಎರಡೂ ತುದಿ ಸೇರಿಸಿ ಗಂಟು ಹಾಕಿ. ಹೂ ಕಟ್ಟುವ ಬಿಳಿ ದಾರ ಎರಡೆಳೆ ಮಾಡಿದರೆ ಸಾಕು. ಒಂದು ಪುಸ್ತಕಕ್ಕೆ ಐದು ನಿಮಿಷ. ನಮ್ಮಲ್ಲಿ ಆರನೇ ತರಗತಿಯವರು ಇದನ್ನು ನನಗಿಂತ ಚೆಂದ ಮಾಡುತ್ತಾರೆ.

ಕಪಾಟು ಗೋಡೆಗೆ ಅಂಟಿಕೊಂಡಿರಬಾರದು. ನಾಲ್ಕು ಬೆರಳು ಜಾಗ ಬಿಡಿ. ಒರಲೆ (ಗೆದ್ದಲು) ಬರುವುದು ಗೋಡೆ, ನೆಲದ ಕಡೆಯಿಂದಲೇ. ಮಣ್ಣಿನ ಸಣ್ಣ ಗೆರೆ ಏರುತ್ತಾ ಇದೆಯಾ ಅಂತ ವಾರಕ್ಕೊಮ್ಮೆ ಹಿಂದೆ ಇಣುಕಿ ನೋಡಿ. ಕಬ್ಬಿಣದ ಕಪಾಟು ಮುಚ್ಚೇ ಇಟ್ಟರೆ ಒಳಗಿನ ತೇವ ಹೊರಗೆ ಹೋಗದೆ ಬೂಷ್ಟು ಬರುತ್ತದೆ. ಮಳೆ ಬಿಟ್ಟ ದಿನ ಬಾಗಿಲು ಪೂರ್ತಿ ತೆರೆದಿಡಿ. ಪುಸ್ತಕ ಬಿಗಿಯಾಗಿ ತುರುಕಬೇಡಿ, ನಡುವೆ ಗಾಳಿ ಆಡಬೇಕು. ಬೂಷ್ಟು ಬಂದ ಪುಸ್ತಕ ಬೇರೆ ಇಡಿ, ಬಿಸಿಲು ಬಂದಾಗ ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬಟ್ಟೆಯಿಂದ ಒರೆಸಿ. ಇದನ್ನು ದೊಡ್ಡವರು ಮಾಡಿ, ಮಕ್ಕಳ ಕೈಯಲ್ಲಿ ಬೇಡ. ಹುಳಕ್ಕೆ ನಾವು ಬಜೆಯ ತುಂಡು, ಒಣಗಿಸಿದ ಲಕ್ಕಿ ಸೊಪ್ಪು ಬಟ್ಟೆಯಲ್ಲಿ ಕಟ್ಟಿ ಇಡುತ್ತೇವೆ. ನುಸಿ ಗುಳಿಗೆ ಮಕ್ಕಳು ಕೈ ಹಾಕುವ ಜಾಗದಲ್ಲಿ ಬೇಡ, ಸಣ್ಣವರು ಪೆಪ್ಪರ್‌ಮಿಂಟ್ ಅಂತ ಬಾಯಿಗೆ ಹಾಕಬಹುದು.

ನೆನೆದು ಬಂದ ಪುಸ್ತಕವನ್ನು ಬಿಸಿಲಿಗೆ ಹಾಕಬೇಡಿ, ಒಲೆಯ ಮೇಲೂ ಬೇಡ. ಸೊಟ್ಟಗಾಗುತ್ತದೆ. ನಾಲ್ಕೈದು ಹಾಳೆಗೊಮ್ಮೆ ಹಳೆ ಪೇಪರ್ ಇಡಿ, ಅದು ಒದ್ದೆಯಾದಂತೆ ಬದಲಿಸಿ, ಫ್ಯಾನಿನ ಕೆಳಗೆ ಒಣಗಿಸಿ. ಪೂರ್ತಿ ಒಣಗುವ ಸ್ವಲ್ಪ ಮೊದಲು ಎರಡು ಹಲಗೆ ನಡುವೆ ಇಟ್ಟು ಮೇಲೆ ಭಾರ ಹೇರಿ. ನುಣುಪು ಕಾಗದದ ಪುಸ್ತಕವಾದರೆ ಹಸಿ ಇರುವಾಗಲೇ ಹಾಳೆ ಬಿಡಿಸಬೇಕು. ಅಂಟಿಕೊಂಡು ಒಣಗಿದರೆ ಮತ್ತೆ ಬಿಡುವುದಿಲ್ಲ. ಇನ್ನು ಮನೆಗೆ ಒಯ್ಯಲು ಮಗುವಿಗೊಂದು ಕೊಟ್ಟೆ ಕೊಡಿ. ನಾವು ಹಾಲಿನ ಪ್ಯಾಕೆಟ್ ತೊಳೆದು, ಎರಡೆರಡು ಸೇರಿಸಿ ಹೊಲಿದು ಚೀಲ ಮಾಡಿದ್ದೇವೆ.

ಓದಿ ಹೇಳುವುದು, ಪಾಠಕ್ಕೆ ಜೋಡಿಸುವುದು

ದಿನಕ್ಕೆ ಹತ್ತು ನಿಮಿಷ ಶಿಕ್ಷಕರೇ ಗಟ್ಟಿಯಾಗಿ ಓದಿ ಹೇಳಬೇಕು. ಮನೆಯಲ್ಲಿ ಮೊದಲೇ ಒಂದು ಸಲ ಓದಿಕೊಂಡು ಹೋಗಿ. ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂರಿ, ಚಿತ್ರ ಎಲ್ಲರಿಗೂ ಕಾಣಲಿ. ಪುಟ ತಿರುಗಿಸುವ ಮೊದಲು ನಿಲ್ಲಿಸಿ, "ಈಗೇನಾಗಬಹುದು?" ಅಂತ ಕೇಳಿ. ಕಥೆ ಮುಗಿದ ಮೇಲೆ "ಇದರ ನೀತಿ ಏನು?" ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆ ಬಂದ ಕೂಡಲೇ ಕಥೆ ಪಾಠವಾಗಿಬಿಡುತ್ತದೆ, ಮಕ್ಕಳ ಮುಖ ಬಾಡುತ್ತದೆ. ಮನೆಮಾತು ಬೇರೆ ಇರುವ ಮಕ್ಕಳಿಗೆ ಅವರ ಮಾತಿನಲ್ಲೇ ಉತ್ತರ ಹೇಳಲು ಬಿಡಿ. ಕೊಂಕಣಿಯ ಹುಡುಗಿ ಚಿತ್ರ ನೋಡಿ "ನುಸ್ತೆ" ಅಂದರೆ, "ಹೌದು, ಮೀನು" ಅನ್ನಿ, ಮುಂದೆ ಹೋಗಿ. ತಪ್ಪು ಅಂತ ತಿದ್ದುವ ಅಗತ್ಯ ಏನೂ ಇಲ್ಲ.

ಪಾಠಕ್ಕೆ ಜೋಡಿಸಲು ಬುಟ್ಟಿ ಇಡಿ. ಪರಿಸರ ಅಧ್ಯಯನದಲ್ಲಿ ನೀರಿನ ಪಾಠ ಶುರುವಾಗುವ ವಾರ, ನೀರಿಗೆ ಸಂಬಂಧಪಟ್ಟ ಕಥೆ, ಮಾಹಿತಿ, ಹಳೆಯ ಪತ್ರಿಕೆಯ ತುಣುಕು ಎಲ್ಲ ಒಂದು ಬುಟ್ಟಿಯಲ್ಲಿ ಹಾಕಿ ತರಗತಿಯಲ್ಲಿಡಿ. ಪಾಠದ ನಡುವೆ ಪ್ರಶ್ನೆ ಬಂದರೆ ಉತ್ತರ ನೀವೇ ಹೇಳಿಬಿಡಬೇಡಿ, ಬುಟ್ಟಿಯ ಕಡೆ ಕೈ ತೋರಿಸಿ.

ಬುಟ್ಟಿಯಲ್ಲೂ ಉತ್ತರ ಇಲ್ಲದೇ ಹೋಗಬಹುದು. ನಮ್ಮಲ್ಲಿ ಒಮ್ಮೆ ಹಾಗೇ ಆಯಿತು. ಉಪ್ಪು ನೀರಿನಲ್ಲಿ ಗಿಡ ಬದುಕುವುದಿಲ್ಲ ಅಂತ ನಾನು ಹೇಳುತ್ತಿದ್ದೆ. ನಾಲ್ಕನೇ ತರಗತಿಯ ಹುಡುಗಿ ಎದ್ದು, "ಮತ್ತೆ ನಮ್ಮನೆ ಗಜನಿಯ ಕಗ್ಗ?" ಅಂದಳು. ಅವಳು ಹೇಳಿದ್ದು ಸರಿ. ಅಘನಾಶಿನಿಯ ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ತಳಿ ಅದು. ಅದರ ಬಗ್ಗೆ ಮಕ್ಕಳು ಓದುವಂಥ ಒಂದು ಪುಟವೂ ನಮ್ಮ ಲೈಬ್ರರಿಯಲ್ಲಿ ಇರಲಿಲ್ಲ. ಹಾಗಾದರೆ ನಾವೇ ಬರೆಯೋಣ ಅಂದೆ. ಎಂಟು ಮಕ್ಕಳು ಎರಡು ಭಾನುವಾರ ಅಜ್ಜಂದಿರನ್ನು ಕೇಳಿಕೊಂಡು ಬಂದರು. ಬಿತ್ತುವುದು ಹೇಗೆ, ಕೊಯ್ಯುವಾಗ ನೀರಿನಲ್ಲೇ ನಿಂತು ತೆನೆ ಕತ್ತರಿಸುವುದು ಯಾಕೆ, ಬೆಳೆ ಮುಗಿದ ಮೇಲೆ ಅದೇ ಗದ್ದೆಯಲ್ಲಿ ಸೀಗಡಿ ಹಿಡಿಯುವುದು ಹೇಗೆ. ನಾಲ್ಕು ಎ4 ಹಾಳೆ ನಡುವಿಗೆ ಮಡಚಿದರೆ 16 ಪುಟ. ಬರೆದರು, ಚಿತ್ರ ಹಾಕಿದರು, ದಾರದಲ್ಲಿ ಹೊಲಿದರು. ನಾನು ದಾಖಲಾತಿ ಪುಸ್ತಕದಲ್ಲಿ ನಂಬರ್ ಕೊಟ್ಟು, ನೀಲಿ ಕಾಗದ ಅಂಟಿಸಿ, ಬೇರೆ ಪುಸ್ತಕಗಳ ಜೊತೆಗೇ ಇಟ್ಟೆ. ಇದು ಮುಖ್ಯ. ಮಕ್ಕಳ ಪುಸ್ತಕ ಪ್ರದರ್ಶನಕ್ಕೆ ಇಡುವ ವಸ್ತು ಅಲ್ಲ, ಮನೆಗೆ ಹೋಗಬೇಕು. ಆ ವರ್ಷ ಅದಕ್ಕಿಂತ ಜಾಸ್ತಿ ಮನೆಗೆ ಹೋದ ಪುಸ್ತಕ ಬೇರೆ ಇಲ್ಲ. ಆಮೇಲೆ ಹಾಲಕ್ಕಿ ಸಮುದಾಯದ ಅಜ್ಜಿಯ ಹಾಡು, ಸಾಣೀಕಟ್ಟೆಯ ಉಪ್ಪು, ಹೀಗೆ ಏಳು ಪುಸ್ತಕ ಆಗಿವೆ.

ದುಡ್ಡು, ಪುಸ್ತಕ, ಊರಿನವರು

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಲೈಬ್ರರಿ ಇರಬೇಕು, ಪತ್ರಿಕೆ ಮತ್ತು ಕಥೆಪುಸ್ತಕವೂ ಇರಬೇಕು ಅಂತ ಬರೆದಿದೆ. ಲೈಬ್ರರಿ ಪೀರಿಯಡ್ ಯಾಕೆ ಅಂತ ಯಾರಾದರೂ ಕೇಳಿದರೆ ಇದನ್ನು ಹೇಳಿ. ಸಮಗ್ರ ಶಿಕ್ಷಣ ಯೋಜನೆಯ ಲೈಬ್ರರಿ ಅನುದಾನ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿಯಿಂದ ಶುರು, ಶಾಲೆ ದೊಡ್ಡದಾದಂತೆ 20,000ದವರೆಗೂ ಇದೆ. ನಿಮ್ಮ ಶಾಲೆಗೆ ಎಷ್ಟು, ಯಾವಾಗ ಅಂತ ಸಿಆರ್‌ಪಿಯವರನ್ನು ಕೇಳಿ ಇಟ್ಟುಕೊಳ್ಳಿ. ಸೆಟ್ ಕಟ್ಟಿ ಮಾರುವುದನ್ನು ಕಣ್ಣು ಮುಚ್ಚಿ ಕೊಳ್ಳಬೇಡಿ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಕನ್ನಡ ಪುಸ್ತಕ ಪ್ರಾಧಿಕಾರದ ಪಟ್ಟಿ ನೋಡಿ, ದಪ್ಪದ್ದು ಒಂದರ ಬದಲು ತೆಳುವಾದದ್ದು ಐದು ತನ್ನಿ. ದುಡ್ಡೇ ಇಲ್ಲದಿದ್ದರೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆ ಬೇಕಾದಷ್ಟಿವೆ. ಇಳಿಸಿಕೊಂಡು ಪ್ರಿಂಟ್ ತೆಗೆಯಲು ಅನುಮತಿ ಇದೆ.

ಪಂಚಾಯ್ತಿ ಲೈಬ್ರರಿಯನ್ನು ಮರೆಯಬೇಡಿ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಾವು ತಿಂಗಳಿಗೊಮ್ಮೆ ಮಕ್ಕಳನ್ನು ನಡೆಸಿಕೊಂಡು ಹೋಗುತ್ತೇವೆ.

ಊರಿನವರನ್ನು ಕರೆಯಲು ನಮ್ಮ ಕಡೆ ಒಳ್ಳೆಯ ಕಾಲ ಜೂನ್ ಮತ್ತು ಜುಲೈ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ, ಅಪ್ಪಂದಿರು ಮನೆಯಲ್ಲೇ ಇರುತ್ತಾರೆ. ಶನಿವಾರ ಒಬ್ಬರನ್ನು ಕರೆಯಿರಿ. ಓದಲು ಬಾರದಿದ್ದರೆ ಕಥೆ ಹೇಳಲಿ. ಒಬ್ಬರು ಯಕ್ಷಗಾನದ ಪ್ರಸಂಗ ಪುಸ್ತಕ ತಂದು ಪದ್ಯ ಓದಿ ಅರ್ಥ ಹೇಳಿದರು. ಮರುವಾರ ಅದೇ ಪುಸ್ತಕಕ್ಕೆ ಮಕ್ಕಳ ಸಾಲು.

ಬೇಸಿಗೆ ರಜೆಗೆ ಕಪಾಟು ಬೀಗ ಹಾಕಿ ಹೋಗಬೇಡಿ. ಏಪ್ರಿಲ್‌ನ ಕೊನೆಯ ಶಾಲೆ ದಿನ ಮಗುವಿಗೆ ಮೂರು ಪುಸ್ತಕದಂತೆ ಕೊಟ್ಟುಬಿಡಿ. ಎರಡು ತಿಂಗಳು ಏನೂ ಓದದ ಮಗು ಜೂನ್‌ನಲ್ಲಿ ಮತ್ತೆ ಹಿಂದಕ್ಕೆ ಹೋಗಿರುತ್ತದೆ. ಶಾಲೆ ಶುರುವಾದ ವಾರವೇ ಎಲ್ಲವೂ ಬರುವುದಿಲ್ಲ. ಕೆಲವದರಲ್ಲಿ ಹಲಸಿನ ಸೋನೆ ಅಂಟಿರುತ್ತದೆ, ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಬಟ್ಟೆಯ ತುದಿಗೆ ತಾಗಿಸಿ ಮುಖಪುಟದ ಮೇಲಿನದ್ದು ಮಾತ್ರ ಮೆತ್ತಗೆ ಒರೆಸಿ. ಹೋದ ವರ್ಷ ಒಂದು ಹುಡುಗಿಯ ಮನೆಯವರು ಕೆಲಸಕ್ಕೆ ಗೋವಾಕ್ಕೆ ಹೋದರು, ಅವಳೂ ಹೋದಳು. ಆಗಸ್ಟ್‌ನಲ್ಲಿ ಅವಳ ಅಜ್ಜಿ ಸಂತೆಗೆ ಹೋಗುವ ದಾರಿಯಲ್ಲಿ ಶಾಲೆಗೆ ಬಂದು, ಸೆರಗಿನಲ್ಲಿ ಕಟ್ಟಿದ್ದ ಎರಡು ಪುಸ್ತಕ ಕೊಟ್ಟರು. ಮೂರನೆಯದು ಮೊಮ್ಮಗಳು ಇನ್ನೂ ಓದುತ್ತಾ ಇದ್ದಾಳೆ ಅಂದರು. ಇಂಥ ಸಾಲನ್ನು ರಿಜಿಸ್ಟರ್‌ನಲ್ಲಿ ಹೊಡೆದು ಹಾಕಬೇಡಿ. ತಂದ ದಿನದ ಜಾಗ ಖಾಲಿ ಬಿಡಿ.